ಜೇಬಿರುವ ಚೂಡಿದಾರ್

(ತುಮಕೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ, ಪದವಿ ಮುಗಿಸುತ್ತಿರುವ ಮತ್ತು ಹೊಸದಾಗಿ ಕೆಲಸಕ್ಕೆ ಸೇರಿರುವ ಹೆಣ್ಣುಮಕ್ಕಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು ಕೊಟ್ಟ ವಿಷಯ ‘ಕೆಲಸ ಮತ್ತು ಬದುಕಿನ ಸಮತೋಲನ’. ಸಮತೋಲನ ಅಂದ ಕೂಡಲೇ ನನಗೆ ಅಂತರಸನಹಳ್ಳಿ ಮಾರುಕಟ್ಟೆಯ ತಕ್ಕಡಿ ನೆನಪಾಗುತ್ತದೆ. ಒಂದು ತಟ್ಟೆಗೆ ಹಾಕಿದರೆ ಇನ್ನೊಂದು ಮೇಲೇಳುತ್ತದೆ. ಆಫೀಸಿಗೆ ಎರಡು ಗಂಟೆ ಜಾಸ್ತಿ ಕೊಟ್ಟರೆ ಮನೆಗೆ ಎರಡು ಗಂಟೆ ಕಡಿಮೆ. ಗೆಳತಿಯ ಮನೆಗೆ ಹೋದರೆ ನಿದ್ದೆ ಕಡಿಮೆ. ಈ ಲೆಕ್ಕದಲ್ಲೇ ನಾನು ಮೂರು ವರ್ಷ ಬದುಕಿದೆ. ಆ ಮೂರು ವರ್ಷವೂ ಒಂದು ತಟ್ಟೆ ನೆಲಕ್ಕೇ ತಾಗಿತ್ತು.

ನಮ್ಮಮ್ಮ ಟೈಲರ್. ಮೂವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದಾರೆ. ಅವರ ಕೈಗೆ ತಕ್ಕಡಿ ಬರುವುದಿಲ್ಲ, ಸೂಜಿ ಬರುತ್ತದೆ. ಎರಡು ತುಂಡು ಬಟ್ಟೆ ಇದ್ದರೆ ಯಾವುದು ದೊಡ್ಡದು ಅಂತ ನೋಡುತ್ತಾ ಕೂರುವುದಿಲ್ಲ, ಅಂಚಿಗೆ ಅಂಚು ಸೇರಿಸಿ ಹೊಲಿಗೆ ಹಾಕಿಬಿಡುತ್ತಾರೆ. ನಾನು ಇವತ್ತು ಹೇಳಲು ಬಂದಿರುವುದೂ ಅಷ್ಟೇ. ಓಟಕ್ಕೊಂದು ಸಮಯ, ಚೆಂದದ ಬಟ್ಟೆಗೊಂದು ಸಮಯ, ಗೆಳತಿಯರಿಗೊಂದು ಸಮಯ ಅಂತ ಬೇರೆ ಬೇರೆ ಹುಡುಕಿದಾಗ ನನಗೆ ಯಾವುದಕ್ಕೂ ಸಿಗಲಿಲ್ಲ. ಒಂದಕ್ಕೊಂದು ಸೇರಿಸಿ ಹೊಲೆದ ಮೇಲೆ ಸಿಕ್ಕಿತು.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವ ವಿಭಾಗದಲ್ಲಿದ್ದೇನೆ. ಮನೆ ಇಲ್ಲೇ ತುಮಕೂರಿನಲ್ಲಿ. ನಿಮ್ಮಲ್ಲಿ ಅರ್ಧ ಜನಕ್ಕೆ ಆ ದಾರಿ ಬಾಯಿಪಾಠ ಇರುತ್ತದೆ, ಅಥವಾ ಇನ್ನೊಂದು ವರ್ಷದಲ್ಲಿ ಆಗುತ್ತದೆ. ಬೆಳಿಗ್ಗೆ ಏಳರ ಆಸುಪಾಸಿನ ಗಾಡಿ, ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ದೊಡ್ಡಬೆಲೆ, ಸೋಲದೇವನಹಳ್ಳಿ, ಚಿಕ್ಕಬಾಣಾವರ, ಆಮೇಲೆ ಯಶವಂತಪುರ. ಅಲ್ಲಿಂದ ಮೆಟ್ರೊ. ಒಂದು ಕಡೆಗೆ ಸುಮಾರು 70 ಕಿಲೋಮೀಟರ್. ಮನೆ ಬಾಗಿಲಿಂದ ಆಫೀಸಿನ ಕುರ್ಚಿಗೆ, ಕುರ್ಚಿಯಿಂದ ಮನೆ ಬಾಗಿಲಿಗೆ, ದಿನಕ್ಕೆ ನಾಲ್ಕು ಗಂಟೆಗೂ ಜಾಸ್ತಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಯೋಚನೆ ಹೀಗಿತ್ತು: ಮೊದಲು ಕೆಲಸ ಗಟ್ಟಿಯಾಗಲಿ, ಉಳಿದದ್ದೆಲ್ಲ ಆಮೇಲೆ. ಎಲ್ಲರೂ ಹಾಗೇ ಹೇಳುತ್ತಾರೆ ಅಲ್ವಾ? ರಾತ್ರಿ ಒಂಬತ್ತಕ್ಕೆ ಮೇಲಿನವರ ಫೋನ್ ಬಂದರೆ ಊಟದ ತಟ್ಟೆ ಬದಿಗಿಟ್ಟು ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಕಾಲೇಜಿನ ಗೆಳತಿಯರ ಮದುವೆಗೆ ಹೋಗಲಿಲ್ಲ. ಒಬ್ಬಳ ಅಪ್ಪ ತೀರಿಕೊಂಡಾಗ ತಿಂಗಳ ಕೊನೆಯ ಲೆಕ್ಕ ಇತ್ತು ಅಂತ ಬರೀ ಮೆಸೇಜ್ ಕಳಿಸಿದೆ. ಅದು ನನಗೆ ಇವತ್ತಿಗೂ ನೋಯುತ್ತದೆ. ಆಮೇಲೆ ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ, ಅವಳು ಮನ್ನಿಸಿದಳು. ಆದರೂ ಆ ದಿನ ನಾನು ಅಲ್ಲಿ ಇರಲಿಲ್ಲ ಅನ್ನುವುದು ಹಾಗೇ ಉಳಿಯಿತು.

ಬಟ್ಟೆಯೂ ಅಷ್ಟೇ. ಟೈಲರ್ ಮಗಳು ನಾನು. ಕಾಲೇಜಿನಲ್ಲಿ ನನ್ನ ರವಿಕೆಯ ಬೆನ್ನಿನ ಡಿಸೈನ್ ನೋಡಿ ಹುಡುಗಿಯರು ಅಮ್ಮನ ಹತ್ತಿರ ಹೊಲೆಸಲು ಬರುತ್ತಿದ್ದರು. ಅಂಥವಳು ಮೂರು ವರ್ಷ ಎರಡೇ ಬಣ್ಣದ ನಾಲ್ಕು ಕುರ್ತಾ ತಿರುಗಿಸಿ ಮುರುಗಿಸಿ ಹಾಕಿಕೊಂಡೆ. ಚೆಂದ ಕಾಣಬೇಕು ಅನ್ನುವ ಆಸೆ ಹೋಯಿತು. ಆ ಆಸೆ ಹೋದರೆ ಒಳ್ಳೆಯದು, ಗಂಭೀರವಾಗಿ ಕೆಲಸ ಮಾಡುತ್ತಿದ್ದೇನೆ ಅಂತ ಅರ್ಥ ಅಂದುಕೊಂಡಿದ್ದೆ. ಹಾಗಲ್ಲ. ಮೈಯಲ್ಲಿ ಶಕ್ತಿ ಇಲ್ಲದಾಗ ಮೊದಲು ಹೋಗುವುದೇ ಆ ಆಸೆ.

ಒಂದು ದಿನ ಯಶವಂತಪುರದ ಮೇಲ್ಸೇತುವೆ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂತು. ಕಂಬಿ ಹಿಡಿದು ಕೂತೆ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.2. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಇದು ನನ್ನೊಬ್ಬಳ ಕತೆ ಅಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು. ಈ ಕೋಣೆಯಲ್ಲಿ ಎಷ್ಟು ಜನ ಇದ್ದೀರೋ ನೋಡಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಯಿತು. ಸುಸ್ತು ಅಂದರೆ ಸೋಮಾರಿತನ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಓಡಲು ಶುರು ಮಾಡುವ ಮೊದಲೂ ಮಾಡಿಸಿ.

ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟರು. ಒಂದು ಸಣ್ಣ ಮಾತೂ ಹೇಳಿದರು: ಊಟ ಆದ ತಕ್ಷಣ ಟೀ ಕುಡಿಯಬೇಡಿ. ಟೀ, ಕಾಫಿ ಊಟದಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ, ನಿಂಬೆಹಣ್ಣು ಹತ್ತುವಂತೆ ಮಾಡುತ್ತದೆ. ಆಫೀಸಿನಲ್ಲಿ ಊಟದ ಡಬ್ಬಿ ಮುಚ್ಚುತ್ತಿದ್ದ ಹಾಗೇ ಟೀ ಕಪ್ಪು ಎತ್ತುತ್ತಿದ್ದವಳು ನಾನು. ಅದನ್ನು ಒಂದೂವರೆ ಗಂಟೆ ಮುಂದೆ ಹಾಕಿದೆ. ಮನೆಯಲ್ಲಿ ನುಗ್ಗೆಸೊಪ್ಪಿನ ಬಸ್ಸಾರು, ಮೇಲೆ ಅರ್ಧ ನಿಂಬೆಹಣ್ಣು. ಮುದ್ದೆ ನಮ್ಮ ಕಡೆ ಇದ್ದೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಓಡುವವರ ಮೂಳೆಗೆ ಅದು ಬೇಕು. ಬೆಂಗಳೂರಿನ ಹುಡುಗಿಯರು ಡಬ್ಬಿಯಲ್ಲಿ ಕೊಂಡು ತಿನ್ನುವುದು ನಮ್ಮ ಅಜ್ಜಿಯರ ಒಲೆ ಮೇಲೆ ಮೊದಲೇ ಇತ್ತು.

ಓಟಕ್ಕೆ ಬರುತ್ತೇನೆ. ನಾನು ಓಡಲು ಶುರು ಮಾಡಿದ್ದು ಮನಸ್ಸು ಗಟ್ಟಿ ಮಾಡಿಕೊಂಡು ಅಲ್ಲ. ನಮ್ಮ ಬೋಗಿಯಲ್ಲಿ ಒಬ್ಬ ಅಕ್ಕ ಇದ್ದರು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ದಿನಾ ಗಾಡಿಯಲ್ಲಿ ಹೋಗುವವರಿಗೆ ಗೊತ್ತು, ನಮ್ಮಲ್ಲಿ ಹೆಸರು ಬರುವುದು ಎಷ್ಟೋ ತಿಂಗಳ ಮೇಲೆ. ಅಲ್ಲಿವರೆಗೆ ಬ್ಯಾಂಕ್ ಅಕ್ಕ, ನರ್ಸ್ ಅಕ್ಕ, ಹಿರೇಹಳ್ಳಿಯಲ್ಲಿ ಹತ್ತುವವರು ಹಿರೇಹಳ್ಳಿ ಅಕ್ಕ. ನನ್ನ ಕೈಯಲ್ಲಿದ್ದ ರಕ್ತದ ರಿಪೋರ್ಟ್ ನೋಡಿದ್ದೇ ನರ್ಸ್ ಅಕ್ಕ. ಮಾತ್ರೆ ತಗೊಂಡು ಎರಡು ತಿಂಗಳಾದ ಮೇಲೆ ಒಂದು ಸಂಜೆ ಅವರು ಹೀಗೆ ಹೇಳಿದರು: “ನಾಳೆ ಬೆಳಿಗ್ಗೆ ಐದು ಹತ್ತಕ್ಕೆ ಅಮಾನಿಕೆರೆ ಗೇಟ್ ಹತ್ತಿರ ಇರ್ತೀನಿ. ನೀನು ಬರದಿದ್ರೆ ನಾನೊಬ್ಬಳೇ ಕತ್ತಲಲ್ಲಿ ನಿಂತಿರ್ತೀನಿ, ನೋಡು.”

ನನಗಾಗಿ ನಾನು ಎದ್ದು ಹೋಗುತ್ತಿರಲಿಲ್ಲ. ಆ ಅಕ್ಕ ಕತ್ತಲಲ್ಲಿ ನಿಂತಿರುತ್ತಾರಲ್ಲ ಅಂತ ಹೋದೆ. ಇವತ್ತಿಗೂ ನನ್ನ ಓಟದ ಗುಟ್ಟು ಅದೇ. ಅಲಾರಂ ಆರಿಸಬಹುದು, ಕಾಯುತ್ತಿರುವ ಮನುಷ್ಯರನ್ನು ಆರಿಸಲು ಆಗುವುದಿಲ್ಲ.

ಮೊದಲ ದಿನ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಕೆರೆ ಏರಿಯ ಮೇಲೆ ಬೆಳಕು ಇನ್ನೂ ಹರಿದಿರಲಿಲ್ಲ, ಗಾಜಿನ ಮನೆಯ ಕಡೆಯಿಂದ ಗಾಳಿ ಬರುತ್ತಿತ್ತು. ಅಕ್ಕ ಒಂದೇ ನಿಯಮ ಹೇಳಿದರು. ಓಡುತ್ತಾ ಮಾತಾಡಲು ಆಗಬೇಕು. ಪೂರ್ತಿ ವಾಕ್ಯ ಹೇಳಲು ಉಸಿರು ಸಾಲದಿದ್ದರೆ ನಿಧಾನ ಮಾಡು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ, ಕೈಗೆ ಗಡಿಯಾರವೂ ಬೇಡ. ನಾವು ಹಿಂದಿನ ದಿನದ ಆಫೀಸು, ಅತ್ತೆ, ಮಕ್ಕಳ ಶಾಲೆ, ಸಾಲ ಎಲ್ಲವನ್ನೂ ಮಾತಾಡಿಕೊಂಡು ಓಡಿದೆವು. ಗೆಳತಿಗೆ ಅಂತ ಬೇರೆ ಸಂಜೆ ಹುಡುಕುವುದು ಅಲ್ಲಿಗೆ ತಪ್ಪಿತು.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಹೇಳುವುದು 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ, ಅಥವಾ 75ರಿಂದ 150 ನಿಮಿಷ ಜೋರಿನದು. ನಮ್ಮದು ಮಂಗಳವಾರ, ಗುರುವಾರ ಮುಕ್ಕಾಲು ಗಂಟೆ, ಭಾನುವಾರ ಸ್ವಲ್ಪ ಉದ್ದ. ಅಷ್ಟಕ್ಕೇ ಲೆಕ್ಕ ಸರಿಹೋಗುತ್ತದೆ. ದಿನಾ ಓಡಬೇಕು ಅನ್ನುವವರ ಮಾತು ಕೇಳಬೇಡಿ.

ಈಗ ಜೇಬಿನ ವಿಷಯ. ಮೊದಲ ವಾರ ನಾನು ಓಡಿದ್ದು ಹಳೆಯ ಚೂಡಿದಾರ್‌ನಲ್ಲಿ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಮನೆ ಬೀಗದ ಕೈ. ವೇಲ್ ಸೊಂಟಕ್ಕೆ ಕಟ್ಟಿದ್ದು ಬಿಚ್ಚಿ ಬಿಚ್ಚಿ ಕಾಲಿಗೆ ಬರುತ್ತಿತ್ತು. ನಮ್ಮ ಬಟ್ಟೆಗೆ ಯಾಕೆ ಜೇಬು ಇರುವುದಿಲ್ಲ? ಗಂಡಸರ ಶರ್ಟಿಗೊಂದು, ಪ್ಯಾಂಟಿಗೆ ನಾಲ್ಕು. ನಮಗೆ ಕೈಚೀಲ. ಕೈಚೀಲ ಹಿಡಿದು ಯಾರು ಓಡುತ್ತಾರೆ? ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಚೂಡಿದಾರ್ ಟಾಪಿನ ಬಲಗಡೆ ಹೊಲಿಗೆಯನ್ನು ಒಂದು ಗೇಣು ಬಿಚ್ಚಿದರು. ಒಳಗಡೆ ಅದೇ ಬಣ್ಣದ ಲೈನಿಂಗ್ ಬಟ್ಟೆಯ ಜೇಬು ಇಟ್ಟರು. ಬಾಯಿಗೆ ಪುಟ್ಟ ಜಿಪ್. ಓಡುವಾಗ ಮೊಬೈಲು ತೊಡೆಗೆ ಬಡಿಯಬಾರದು ಅಂತ ಜೇಬಿನ ತಳವನ್ನು ಸೊಂಟದ ಪಟ್ಟಿಗೆ ಎರಡು ಟಾಕ ಹಾಕಿ ಎಳೆದು ಕಟ್ಟಿದರು. ಹೊರಗಿನಿಂದ ನೋಡಿದರೆ ಜೇಬು ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಆ ಟಾಪನ್ನು ನಾನು ಆಫೀಸಿಗೂ ಹಾಕಿಕೊಂಡು ಹೋದೆ. ರೈಲಿನ ಪಾಸ್, ಮೆಟ್ರೊ ಕಾರ್ಡು, ಮೊಬೈಲು ಎಲ್ಲ ಮೈಮೇಲೇ. ಗಾಡಿಯಲ್ಲಿ ನಿಂತುಕೊಂಡು ಹೋಗುವಾಗ ಎರಡೂ ಕೈ ಖಾಲಿ. ಅದು ಎಂಥ ನೆಮ್ಮದಿ ಅಂತ ನೂಕುನುಗ್ಗಲಿನಲ್ಲಿ ಕಂಬಿ ಹಿಡಿದು ನಿಂತವರಿಗೇ ಗೊತ್ತು. ಹಿರೇಹಳ್ಳಿ ಅಕ್ಕ ಕೇಳಿದರು, ಬ್ಯಾಂಕ್ ಅಕ್ಕ ಕೇಳಿದರು. ಒಂದು ತಿಂಗಳಲ್ಲಿ ನಮ್ಮ ಬೋಗಿಯ ಒಂಬತ್ತು ಜನರ ಟಾಪಿಗೆ ಅಮ್ಮ ಜೇಬು ಇಟ್ಟುಕೊಟ್ಟರು. ಆ ಒಂಬತ್ತರಲ್ಲಿ ನಾಲ್ವರು ಬೆಳಿಗ್ಗೆ ಕೆರೆ ಹತ್ತಿರ ಬರಲು ಶುರು ಮಾಡಿದರು. ಓಡೋಣ ಬನ್ನಿ ಅಂತ ನಾನು ಕರೆದಾಗ ಬಂದಿರಲಿಲ್ಲ. ಜೇಬು ಅವರನ್ನು ಕರೆದುಕೊಂಡು ಬಂತು.

ಫ್ಯಾಷನ್ ಅಂದರೆ ನನಗೆ ಇದು. ಮೈಗೆ, ಕೆಲಸಕ್ಕೆ, ಕಣ್ಣಿಗೆ ಮೂರಕ್ಕೂ ಒಪ್ಪುವ ಬಟ್ಟೆ. ಅದಕ್ಕೆ ದುಡ್ಡು ಜಾಸ್ತಿ ಬೇಕಿಲ್ಲ, ಗಮನ ಬೇಕು. ಹತ್ತಿ ಬಟ್ಟೆ ನನಗೆ ಪ್ರಾಣ, ಆದರೆ ಉದ್ದ ಓಟಕ್ಕೆ ಅದು ಆಗುವುದಿಲ್ಲ. ಬೆವರು ಕುಡಿದು ಭಾರ ಆಗುತ್ತದೆ, ಕಂಕುಳಲ್ಲಿ ತೊಡೆಯಲ್ಲಿ ಉಜ್ಜಿ ಚರ್ಮ ಕಿತ್ತು ಬರುತ್ತದೆ. ಹಾಗಾಗಿ ಚಿಕ್ಕಪೇಟೆಯಿಂದ ಬೇಗ ಒಣಗುವ, ಎಳೆದರೆ ಹಿಗ್ಗುವ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ತಂದೆ. ಅಮ್ಮನ ಮಿಷನ್ ಅದರ ಮೇಲೆ ಟಾಕ ಬಿಡುತ್ತಿತ್ತು. ಎರಡು ದಿನ ಒದ್ದಾಡಿದರು. ಆಮೇಲೆ ಯಾರೋ ಹೇಳಿದರಂತೆ, ಇಂಥ ಬಟ್ಟೆಗೆ ಚೂಪು ಸೂಜಿ ಆಗಲ್ಲ, ಮೊನೆ ಉರುಟಾಗಿರುವ ಸೂಜಿ ಬೇಕು, ಅದು ಎಳೆಯನ್ನು ಚುಚ್ಚದೆ ಪಕ್ಕಕ್ಕೆ ಸರಿಸಿಕೊಂಡು ಹೋಗುತ್ತದೆ ಅಂತ. ಸೂಜಿ ಬದಲಾಯಿಸಿದರು, ಹೊಲಿಗೆ ನೀರಿನ ಹಾಗೆ ಹರಿಯಿತು. ಕಂಕುಳ ಹತ್ತಿರದ ಹೊಲಿಗೆಯನ್ನು ಹೊರಮುಖಕ್ಕೆ ತಿರುಗಿಸಿ, ಅದರ ಮೇಲೆ ಬೇರೆ ಬಣ್ಣದ ಪೈಪಿಂಗ್ ಕೊಟ್ಟರು. ಮೈಗೆ ಉಜ್ಜದಿರಲಿ ಅಂತ ಮಾಡಿದ್ದು ನೋಡುವವರಿಗೆ ಡಿಸೈನ್ ಆಯಿತು. ಅರವತ್ತು ದಾಟಿದ ಮೇಲೆ ನಮ್ಮಮ್ಮ ಹೊಸ ಬಟ್ಟೆಯನ್ನು ಕಲಿತರು. ಈ ಮಾತು ಹೇಳುವಾಗ ನನಗೆ ಹೆಮ್ಮೆ ತಡೆಯಲು ಆಗುವುದಿಲ್ಲ.

ದುಡ್ಡು ಇಡಲೇಬೇಕಾದ ಜಾಗ ಎರಡು: ಒಳ್ಳೆಯ ಸ್ಪೋರ್ಟ್ಸ್ ಬ್ರಾ, ಒಳ್ಳೆಯ ಶೂ. ಶೂ 500ರಿಂದ 800 ಕಿಲೋಮೀಟರ್ ಓಡುವಷ್ಟರಲ್ಲಿ ಮೆತ್ತೆ ಕಳೆದುಕೊಳ್ಳುತ್ತದೆ, ಮೇಲೆ ಹೊಸದಾಗಿ ಕಂಡರೂ ಬದಲಾಯಿಸಬೇಕು.

ಇಲ್ಲಿ ಒಬ್ಬರನ್ನು ನೆನೆಯಲೇಬೇಕು. ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್, ಎಲ್ಲರೂ ಫ್ಲೋ-ಜೋ ಎನ್ನುತ್ತಿದ್ದರು. 1988ರಲ್ಲಿ 100 ಮೀಟರನ್ನು 10.49 ಸೆಕೆಂಡಿನಲ್ಲಿ, 200 ಮೀಟರನ್ನು 21.34 ಸೆಕೆಂಡಿನಲ್ಲಿ ಓಡಿದರು. 100 ಮೀಟರಿನ ದಿನ ಗಾಳಿಯ ಅಳತೆ ಸರಿಯಿತ್ತೇ ಅನ್ನುವ ವಾದ ಈಗಲೂ ಇದೆ, ಆದರೂ ಎರಡೂ ವಿಶ್ವದಾಖಲೆಯಾಗಿಯೇ ಉಳಿದಿವೆ. ನನಗೆ ಅವರು ಹತ್ತಿರ ಅನ್ನಿಸುವುದು ಬೇರೆ ಕಾರಣಕ್ಕೆ. ಅವರ ಅಮ್ಮನೂ ಬಟ್ಟೆ ಹೊಲೆಯುತ್ತಿದ್ದವರು. ದುಡ್ಡಿಲ್ಲದೆ ಓದು ಬಿಟ್ಟು ಬ್ಯಾಂಕಿನಲ್ಲಿ ಕೆಲಸ ಮಾಡಿದ ಕಾಲವೂ ಅವರಿಗಿತ್ತು. ಬೇರೆಯವರಿಗೆ ಜಡೆ ಹಾಕಿ, ಉಗುರು ಅಲಂಕಾರ ಮಾಡಿ ಸಂಪಾದಿಸಿದರು. ಓಟದ ಉಡುಪನ್ನು ತಾವೇ ಡಿಸೈನ್ ಮಾಡಿಕೊಂಡರು. ಉದ್ದ ಉಗುರು, ಒಂದೇ ಕಾಲಿನ ಉಡುಪು ಹಾಕಿಕೊಂಡು ಟ್ರ್ಯಾಕಿಗೆ ಇಳಿದರು. ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ಅವರನ್ನು ಆಗ ಭಾರತದ ಫ್ಲೋ-ಜೋ ಅಂತಲೇ ಕರೆಯುತ್ತಿದ್ದರು. ಚೆಂದ ಕಾಣುವ ಆಸೆ ಇರುವವಳು ಗಟ್ಟಿ ಕೆಲಸ ಮಾಡುವುದಿಲ್ಲ ಅಂತ ಯಾರಾದರೂ ನಿಮಗೆ ಹೇಳಿದರೆ ಇವರಿಬ್ಬರನ್ನು ನೆನಪು ಮಾಡಿಕೊಳ್ಳಿ.

ಕೆರೆ ಹತ್ತಿರ ವಾಕಿಂಗ್ ಬರುವ ಹಿರಿಯರೊಬ್ಬರು ನಮ್ಮನ್ನು ನಿಲ್ಲಿಸಿ, ಹೆಣ್ಣುಮಕ್ಕಳು ಇಷ್ಟು ಓಡಿದರೆ ಗರ್ಭಕೋಶ ಜಾರುತ್ತಮ್ಮ ಅಂದರು. ಅವರು ಕೆಟ್ಟವರಲ್ಲ, ನಿಜವಾಗಿ ಹೆದರಿದ್ದರು. ಈ ಹೆದರಿಕೆ ದೊಡ್ಡ ದೊಡ್ಡವರಿಗೂ ಇತ್ತು. 1928ರ ಒಲಿಂಪಿಕ್ಸ್ ಆದ ಮೇಲೆ ಹೆಂಗಸರ 800 ಮೀಟರ್ ಓಟವನ್ನೇ ತೆಗೆದುಹಾಕಿದ್ದರು, ಅದು ಮತ್ತೆ ಬಂದಿದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಬಂದಿದ್ದು 1984ರಲ್ಲಿ. ನರ್ಸ್ ಅಕ್ಕ ಆ ಹಿರಿಯರ ಜತೆ ಕಲ್ಲುಬೆಂಚಿನ ಮೇಲೆ ಕೂತು ನಿಧಾನವಾಗಿ ವಿವರಿಸಿದರು. ಹೆರಿಗೆ ಆದ ಹೊಸದರಲ್ಲಿ ಮಾತ್ರ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು, ಉಳಿದವರಿಗೆ ಭಯ ಬೇಡ ಅಂತ. ಮುಂದಿನ ವಾರ ಅವರು ಸೊಸೆಯನ್ನು ಕರೆದುಕೊಂಡು ಬಂದರು.

ತಪ್ಪುಗಳೂ ಆದವು. ಬೆಂಗಳೂರಿನಲ್ಲಿ 2008ರಿಂದ ನಡೆಯುವ 10 ಕಿಲೋಮೀಟರ್ ಓಟಕ್ಕೆ ನಾವು ಐವರು ಹೆಸರು ಕೊಟ್ಟಾಗ ನಾನು ಆಸೆ ಬಿದ್ದು ದೂರವನ್ನು ಒಂದೇ ವಾರದಲ್ಲಿ ಎರಡರಷ್ಟು ಮಾಡಿದೆ. ಮೊಣಕಾಲಿನ ಕೆಳಗೆ ಮುಂದಿನ ಮೂಳೆಯ ಉದ್ದಕ್ಕೂ ನೋವು. ಮೂರು ವಾರ ಓಟ ಬಂದ್. ವಾರದಿಂದ ವಾರಕ್ಕೆ ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಸಾಕು ಅಂತ ಓಡುವವರು ಹೇಳುತ್ತಾರೆ, ನಾನು ಕೇಳಿರಲಿಲ್ಲ. ಆ ಮೂರು ವಾರವೂ ಐದು ಹತ್ತಕ್ಕೆ ಕೆರೆ ಹತ್ತಿರ ಹೋಗಿ ಬೆಂಚಿನ ಮೇಲೆ ಕೂತು ಅವರ ನೀರಿನ ಬಾಟಲಿ ಕಾದೆ. ಹೋಗದಿದ್ದರೆ ಮತ್ತೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಕೊನೆಗೆ ಐವರೂ ಒಂದೇ ಥಾನಿನ ಬಟ್ಟೆಯಲ್ಲಿ ಅಮ್ಮ ಹೊಲೆದ ಜೇಬಿನ ಟಾಪ್ ಹಾಕಿಕೊಂಡು ಓಡಿದೆವು. ನನಗೆ ಒಂದು ಗಂಟೆ 22 ನಿಮಿಷ ಹಿಡಿಯಿತು.

ಆಫೀಸಿನ ಬಗ್ಗೆ ಹೇಳದಿದ್ದರೆ ಮಾತು ಅರ್ಧವೇ. ರಾತ್ರಿಯ ಫೋನು ತಾನಾಗಿ ನಿಲ್ಲಲಿಲ್ಲ. ನಾನು ಮೇಲಿನವರ ಮುಂದೆ ಕೂತು, ತಿಂಗಳ ಕೊನೆಯ ಐದು ದಿನ ಎಷ್ಟು ಹೊತ್ತಿಗಾದರೂ ಕರೆಯಿರಿ, ಉಳಿದ ದಿನ ಒಂಬತ್ತರ ಮೇಲೆ ಬೇಡ, ಬೆಳಿಗ್ಗೆ ಗಾಡಿಯಲ್ಲಿ ಕೂತ ತಕ್ಷಣ ನೋಡಿ ಉತ್ತರ ಕೊಡುತ್ತೇನೆ ಅಂದೆ. ಸುಮ್ನೆ ಆಗಲ್ಲ ಅನ್ನುವುದಕ್ಕಿಂತ ಯಾವಾಗ ಆಗುತ್ತದೆ ಅಂತ ಹೇಳಿದ್ದು ಕೆಲಸ ಮಾಡಿತು. ತಿಂಗಳ ಕೊನೆಯ ಆ ಐದು ದಿನ ನಾನು ಓಡುವುದಿಲ್ಲ. ಅದಕ್ಕೆ ಬೇಸರವೂ ಇಲ್ಲ. ಜನಕ್ಕೆ ಒಂದನೇ ತಾರೀಕು ಸಂಬಳ ಬೀಳಬೇಕು, ಅದು ನನ್ನ ಕೆಲಸ, ಅದನ್ನು ನಾನು ಪ್ರೀತಿಸುತ್ತೇನೆ.

ಮನೆಯ ಮಾತು. ಬೆಳಿಗ್ಗೆ ಮಗನ ಡಬ್ಬಿ ಕಟ್ಟುವುದು ನಮ್ಮ ಮನೆಯವರು. ಅನ್ನ ಸಾರು ಅಮ್ಮ ನೋಡಿಕೊಳ್ಳುತ್ತಾರೆ. ಈ ಎರಡು ಜೊತೆ ಕೈ ಇಲ್ಲದಿದ್ದರೆ ನಾನು ಇಲ್ಲಿ ನಿಂತು ಮಾತಾಡುತ್ತಿರಲಿಲ್ಲ. ನಿಮ್ಮಲ್ಲಿ ಕೆಲವರಿಗೆ ಅಂಥ ಕೈ ಇರುವುದಿಲ್ಲ. ಹಾಗಿದ್ದಾಗ ನೀವು ಸೋತಿರಿ ಅಂತ ಅಲ್ಲ, ನಿಮ್ಮ ಮೇಲಿರುವ ಹೊರೆಯೇ ದೊಡ್ಡದು. ಮದುವೆಗೆ ಮುಂಚೆ ಹುಡುಗನ ಸಂಬಳ ಕೇಳುವಾಗ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾನೆ, ಎದ್ದು ಏನು ಮಾಡುತ್ತಾನೆ ಅಂತಲೂ ಕೇಳಿ. ನಾನು ಇದನ್ನು ತುಂಬ ಯೋಚಿಸಿಯೇ ಹೇಳುತ್ತಿದ್ದೇನೆ.

ಭಾನುವಾರದ ಓಟ ಕ್ಯಾತ್ಸಂದ್ರದವರೆಗೆ. ಅಲ್ಲಿ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ. ಆಗಾಗ ನಾಮದ ಚಿಲುಮೆಯಿಂದ ದೇವರಾಯನದುರ್ಗದ ಕಡೆಗೂ ಹತ್ತುತ್ತೇವೆ. ಅದು ಚಿರತೆ, ಕರಡಿ ಇರುವ ಕಾಡು, ಪೂರ್ತಿ ಬೆಳಕಾದ ಮೇಲೆ, ಗುಂಪಾಗಿ ಮಾತ್ರ ಹೋಗಿ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ನಿಂತುಬಿಡಿ, ಮುಖಕ್ಕೆ ಮುಖ ಕೊಡದೆ ನಿಧಾನ ಹಿಂದೆ ಸರಿಯಿರಿ. ಕಾಲೇಜಿನ ಆ ಗೆಳತಿ, ಅವಳ ಅಪ್ಪ ತೀರಿಕೊಂಡಾಗ ನಾನು ಹೋಗದಿದ್ದವಳು, ಈಗ ಭಾನುವಾರ ಇಡ್ಲಿ ಹೊತ್ತಿಗೆ ಸ್ಕೂಟರಿನಲ್ಲಿ ಬರುತ್ತಾಳೆ. ಅವಳು ಓಡುವುದಿಲ್ಲ. ಕೂತು ಮಾತಾಡಿ ಹೋಗುತ್ತಾಳೆ.

ಪ್ರಶ್ನೆಗಳ ಹೊತ್ತಿನಲ್ಲಿ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳಿಗೆ ಮುಂದಿನ ತಿಂಗಳು ಪೀಣ್ಯದಲ್ಲಿ ಕೆಲಸ. “ಮೇಡಂ, ನನ್ನ ಹತ್ತಿರ ಓಟದ ಬಟ್ಟೆ ಇಲ್ಲ. ಚೂಡಿದಾರ್‌ನಲ್ಲೇ ಬರಬಹುದಾ?” ಬರಬಹುದು, ನಾನೂ ಹಾಗೇ ಬಂದಿದ್ದು, ಮಂಗಳವಾರ ಐದು ಹತ್ತಕ್ಕೆ ಗೇಟ್ ಹತ್ತಿರ ಇರುತ್ತೇನೆ ಅಂದೆ. ಅವಳು ಕೂರುವ ಮೊದಲೇ ಹಿಂದಿನ ಸಾಲಿನಿಂದ ನಮ್ಮಮ್ಮ ಕೇಳಿದರು: “ನಿನ್ನ ಟಾಪಿಗೆ ಜೇಬು ಐತೇನಮ್ಮ?” ಇಲ್ಲ ಆಂಟಿ ಅಂದಳು. “ನಾಳೆ ಸಂಜೆ ತಗೊಂಡು ಬಾ. ಮಂಗಳವಾರಕ್ಕೆ ಇಟ್ಟುಕೊಡ್ತೀನಿ.”